ಕಳ್ಳಭಟ್ಟಿಗೂ ವಿಸ್ಕಿಗೂ ಏನು ವ್ಯತ್ಯಾಸ? ಪರ್ಮಿಟ್ ರೂಮಿನ ಗೆಳೆಯರಿಗೆ ಟಿಪ್ಪಣಿ

ಬಾರ್‌ಟೆಂಡರ್ ಪರೀಕ್ಷೆಗೆ ಓದುತ್ತಿರುವ ನಮ್ಮ ಗುಂಪಿನಲ್ಲಿ ಈ ವಾರ 'ಮೂನ್‌ಶೈನ್', ಅಂದರೆ ಅಮೆರಿಕದ ಕಳ್ಳಭಟ್ಟಿಯ ಪಾಠ ನನ್ನ ಪಾಲಿಗೆ ಬಂತು. ಪುಸ್ತಕದಲ್ಲಿ ಇರೋದು ಅರ್ಧ ಪುಟ. ಆದರೆ ಮುಂಬೈಯ ಪರ್ಮಿಟ್ ರೂಮುಗಳಲ್ಲಿ, ಅಂದರೆ ಬಾರುಗಳಲ್ಲಿ, ಕೆಲಸ ಮಾಡುವ ನಮಗೆ ಅಷ್ಟು ಸಾಲದು. ಅದಕ್ಕೇ ಸ್ವಲ್ಪ ಜಾಸ್ತಿ ಬರೆದಿದ್ದೇನೆ.

ಮೊದಲು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಅಂಧೇರಿಯ ನಮ್ಮ ಬಾರಿಗೆ ಒಬ್ಬ ಗಿರಾಕಿ ಅಮೆರಿಕದ ಟೆನೆಸಿಯಿಂದ ಒಂದು ಗಾಜಿನ ಜಾಡಿ ತಂದಿದ್ದರು. ಈಗ ಅಲ್ಲಿ ಲೈಸೆನ್ಸ್ ಪಡೆದೂ ಮಾಡುತ್ತಾರೆ, ಅಂಥ ಮೂನ್‌ಶೈನ್. ಅದನ್ನೂ ಬರ್ಬನ್ ಅನ್ನುವ ಅಮೆರಿಕದ ವಿಸ್ಕಿಯನ್ನೂ ಅಕ್ಕಪಕ್ಕ ಎರಡು ಲೋಟಕ್ಕೆ ಹಾಕಿದೆವು. ಒಂದು ನೀರಿನ ಹಾಗೆ ತಿಳಿ, ಇನ್ನೊಂದು ಜೇನಿನ ಬಣ್ಣ. ತಿಳಿಯದ್ದನ್ನು ಮೂಸಿದರೆ ಬೇಯಿಸಿದ ಮೆಕ್ಕೆಜೋಳದ ವಾಸನೆ, ಹಿಂದೆಯೇ ಮೂಗಿಗೆ ಚುರುಕ್. ಬರ್ಬನ್‌ನಲ್ಲಿ ವೆನಿಲ್ಲಾ, ಸುಟ್ಟ ಸಕ್ಕರೆ. ನಮ್ಮ ಹಿರಿಯ ಬಾರ್‌ಮನ್ ಅಣ್ಣ ಜಾಡಿ ಮೂಸಿ, "ಇದು ನಮ್ಮ ಗಾವಠಿಯೇ ಅಲ್ವಾ ಮಾರಾಯ?" ಅಂದರು.

ಗಾವಠಿ ಅಂದರೆ ಮುಂಬೈ ಕಡೆಯ ಕಳ್ಳಭಟ್ಟಿ ಸಾರಾಯಿ. ಅಣ್ಣ ಹೇಳಿದ್ದು ಬಹುಪಾಲು ಸರಿ. ಭಟ್ಟಿಯಿಂದ ಇಳಿಯುವಾಗ ಯಾವ ವಿಸ್ಕಿಗೂ ಬಣ್ಣ ಇರುವುದಿಲ್ಲ. ಧಾನ್ಯ ಬೇಯಿಸಿ, ಹುಳಿ ಬರಿಸಿ, ಕಾಯಿಸಿ, ಆವಿಯನ್ನು ತಣ್ಣಗಾಗಿಸಿ ಹಿಡಿಯುವುದು ಎರಡಕ್ಕೂ ಒಂದೇ. ಆಮೇಲೆ ವಿಸ್ಕಿ ಮರದ ಪೀಪಾಯಿಗೆ ಹೋಗುತ್ತದೆ, ಮೂನ್‌ಶೈನ್ ನೇರ ಜಾಡಿಗೆ. ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಮರದಲ್ಲಿ ಕನಿಷ್ಠ 3 ವರ್ಷ ಇರಬೇಕು. ಬರ್ಬನ್‌ಗೆ ಕನಿಷ್ಠ 51% ಮೆಕ್ಕೆಜೋಳ ಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ ಬೇಕು. ಬರ್ಬನ್‌ನ ಬಣ್ಣವೆಲ್ಲ ಆ ಮರದ್ದು, ರುಚಿಯಲ್ಲೂ ದೊಡ್ಡ ಪಾಲು ಅದರದೇ. ಈ ಕಾಯುವಿಕೆಗೆ ಬೆಲೆ ಇದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಅಮೃತ್, ಗೋವಾದ ಪಾಲ್ ಜಾನ್ ವಿಸ್ಕಿ ಕಂಪನಿಗಳ ಕಡೆ ನಮ್ಮ ಬಿಸಿಲಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಕದ್ದು ಕಾಯಿಸುವವನಿಗೆ ವರ್ಷಗಟ್ಟಲೆ ಕಾಯುವುದು ಆಗದ ಮಾತು. ಇವತ್ತು ಕಾಯಿಸಿದ್ದು ನಾಳೆ ಖಾಲಿಯಾಗಬೇಕು.

ಇಲ್ಲೊಂದು ಮಾತು ನೆನಪಿಡಿ. ನಮ್ಮ ಬಾರಿನಲ್ಲಿ ಜಾಸ್ತಿ ಓಡುವ ಅಗ್ಗದ ಭಾರತೀಯ ವಿಸ್ಕಿಗಳಲ್ಲಿ ಹೆಚ್ಚಿನವಕ್ಕೆ ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ತೆಗೆದ ಸ್ಪಿರಿಟ್ಟೇ ಆಧಾರ. ಅಂಥದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರುವ ಹಾಗಿಲ್ಲ. ಅಂದರೆ ಬೆಲ್ಲದ ಕೊಳೆಯಿಂದ ಇಳಿಸಿದ ಗಾವಠಿಗೂ ಅದಕ್ಕೂ ಮೂಲ ಒಂದೇ, ಕಬ್ಬು.

ಹಾಗಾದರೆ ದೊಡ್ಡ ವ್ಯತ್ಯಾಸ ಎಲ್ಲಿ? ಲೆಕ್ಕದ ಪುಸ್ತಕದಲ್ಲಿ. ಅಮೆರಿಕ ಸರ್ಕಾರ 1791ರಲ್ಲಿ ಮದ್ಯದ ಮೇಲೆ ತೆರಿಗೆ ಹಾಕಿತು. ಅಲ್ಲಿಯ ಅಪಲೇಚಿಯನ್ ಬೆಟ್ಟದಾಚೆಯ ರೈತರಿಗೆ ಕೋಪ ಬಂತು. ಕಾರಣ ಸರಳ. ಒಂದು ಕುದುರೆ ಹೊರುವಷ್ಟು ಧಾನ್ಯಕ್ಕೆ ಸಿಗುವ ದುಡ್ಡಿಗಿಂತ ಅದೇ ಕುದುರೆ ಹೊರುವ ವಿಸ್ಕಿಗೆ ಸಿಗುವ ದುಡ್ಡು ಎಷ್ಟೋ ಪಾಲು ಹೆಚ್ಚು. ವಿಸ್ಕಿಯೇ ಅವರ ಚಿಲ್ಲರೆ, ವಿಸ್ಕಿಯೇ ಅವರ ಉಳಿತಾಯ. 1794ರಲ್ಲಿ ಅದು ದಂಗೆಯೇ ಆಯಿತು. ತೆರಿಗೆ ತಪ್ಪಿಸಲು ಬೆಳದಿಂಗಳಲ್ಲಿ ಕಾಯಿಸಿದ್ದಕ್ಕೆ ಮೂನ್‌ಶೈನ್ ಅನ್ನುವ ಹೆಸರು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಬೇಡಿಕೆ ಏರಿತು. ಮೆಕ್ಕೆಜೋಳದ ಜಾಗಕ್ಕೆ ಸಕ್ಕರೆ ಬಂತು, ಆವಿ ತಣ್ಣಗಾಗಿಸುವ ತಾಮ್ರದ ಸುರುಳಿಯ ಜಾಗಕ್ಕೆ ಕೆಲವರು ಹಳೇ ಕಾರಿನ ರೇಡಿಯೇಟರ್ ಹಾಕಿದರು. ಅದರ ಬೆಸುಗೆಯ ಸೀಸ ಕುಡಿಯುವವರ ಹೊಟ್ಟೆ ಸೇರಿತು.

ಮುಂಬೈಯ ಕಥೆಯೂ ಹೀಗೇ. 1949ರ ಬಾಂಬೆ ಪಾನನಿಷೇಧ ಕಾಯ್ದೆ ಬಂದ ಮೇಲೆ ಊರ ತುಂಬ ಹಾತ್‌ಭಟ್ಟಿ, ಅಂದರೆ ಕೈಯಲ್ಲೇ ಕಾಯಿಸಿದ ಕಳ್ಳ ಸಾರಾಯಿ ಹಬ್ಬಿತು. ಕುಡಿಯುವವರಿಗೆ ಪರ್ಮಿಟ್ ಬೇಕು ಅನ್ನುವ ಆ ಕಾಯ್ದೆಯಿಂದಲೇ ನಮ್ಮ ಬಾರುಗಳಿಗೆ ಪರ್ಮಿಟ್ ರೂಮ್ ಅನ್ನುವ ಬೋರ್ಡು. ಪರೀಕ್ಷೆಯಲ್ಲಿ ಗೊಂದಲ ಮಾಡ್ಕೋಬೇಡಿ: ಸೀಲ್ ಇರುವ ದೇಶಿ ದಾರು ಸರ್ಕಾರಿ ಲೈಸೆನ್ಸಿನದು, ಪ್ಲಾಸ್ಟಿಕ್ ಚೀಲದಲ್ಲಿ ಬರುವ ಗಾವಠಿ ಕಳ್ಳಭಟ್ಟಿಯದು.

ಇನ್ನು ವಿಷದ ವಿಚಾರ. ಇದನ್ನು ನಿಧಾನವಾಗಿ ಓದಿ. 2004ರಲ್ಲಿ ವಿಕ್ರೋಲಿಯಲ್ಲಿ, 2015ರ ಜೂನ್‌ನಲ್ಲಿ ಮಲಾಡಿನ ಮಾಲ್ವಣಿಯಲ್ಲಿ ಜನ ಕಳ್ಳ ಸಾರಾಯಿ ಕುಡಿದು ಸತ್ತರು. ಮಾಲ್ವಣಿಯಲ್ಲೇ ಸತ್ತವರ ಸಂಖ್ಯೆ ನೂರು ದಾಟಿತು. ಮನೆಯಲ್ಲಿ ಕಾಯಿಸಿದರೆ ತಾನಾಗೇ ಮೆಥನಾಲ್ (ವಿಷದ ಮದ್ಯಸಾರ) ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಧಾನ್ಯ, ಬೆಲ್ಲ ಹುಳಿ ಬಂದಾಗ ಆಗುವ ಮೆಥನಾಲ್ ತೀರಾ ಕಡಿಮೆ. ಹಣ್ಣಿನಿಂದ ಸ್ವಲ್ಪ ಜಾಸ್ತಿ. ಇಂಥ ಸಾಮೂಹಿಕ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಕಾರ್ಖಾನೆಯ ಮೆಥನಾಲ್. ಕಾಯಿಸುವ ಖರ್ಚು ಉಳಿಸಲು ಮಾರುವವನು ಅದನ್ನು ಬೆರೆಸುತ್ತಾನೆ. ಕಂಪನಿಯ ಬಾಟಲಿ ಲ್ಯಾಬ್ ದಾಟಿ ಬರಬೇಕು. ಚೀಲದ ಸಾರಾಯಿಯನ್ನು ನೋಡುವವರು ಯಾರೂ ಇಲ್ಲ.

ಮೆಥನಾಲ್ ಮೈಯಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ. ಅದು ಕಣ್ಣಿನ ನರಕ್ಕೆ ಹೊಡೆಯುತ್ತದೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ಒಂದು ದಿನ. ಹಾಗಾಗಿ ಕುಡಿದವನು ಸುಮ್ನೆ ಅಮಲು ಅಂದುಕೊಂಡು ಮಲಗಿಬಿಡುತ್ತಾನೆ. ಚಮಚದಲ್ಲಿ ಬೆಂಕಿ ಹಚ್ಚಿ ನೀಲಿ ಉರಿದರೆ ಒಳ್ಳೇದು ಅನ್ನುವ ಪರೀಕ್ಷೆಯನ್ನು ನಂಬಲೇಬೇಡಿ. ಸಾರಾಯಿಯಲ್ಲಿ ಮೆಥನಾಲ್ ಬೆರೆತಿದ್ದರೂ ಉರಿ ನೀಲಿಯೇ ಕಾಣಬಹುದು. 'ಪಹಿಲಿ ಧಾರ್' ಅಂತ ಜನ ಆಸೆಪಡುವ ಮೊದಲ ಧಾರೆಯನ್ನು ವಿಸ್ಕಿ ಮಾಡುವವರು ಬೇರೆ ತೆಗೆದಿಡುತ್ತಾರೆ, ಬಾಟಲಿಗೆ ಹಾಕುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಕುಡಿಯುತ್ತಾರೆ? ಟೆನೆಸಿಯಲ್ಲಿ ಅದು ಈಗ ಅಜ್ಜನ ಕಾಲದ ಹೆಮ್ಮೆ. 2009ರಲ್ಲಿ ಕಾನೂನು ಸಡಿಲವಾದ ಮೇಲೆ ಪ್ರವಾಸಿಗಳು ಜಾಡಿ ಕೊಂಡು ಹೋಗುತ್ತಾರೆ. ಇಲ್ಲಿಯ ಉತ್ತರ ನಮ್ಮ ಬಾರಿಗೆ ಐಸ್ ಇಳಿಸುವ ಕಲಬುರಗಿಯ ಕಾಕಾ ಕೊಟ್ಟರು. "ನಿಮ್ಮಲ್ಲಿ ಒಂದ್ ಕ್ವಾರ್ಟರಿಗೆ ಕೊಡೋ ರೊಕ್ಕದಾಗ ನಂದು ನಾಕ್ ದಿನ ಆಗ್ತದ. ದಿನಾ ಇಷ್ಟು ಹೊತ್ತ ಮ್ಯಾಲ ಮೈ ನೋವಿಗೆ ನಿದ್ದಿ ಬರಬೇಕಲ್ಲಪ್ಪ?" ಅಂದರು. ಬಾಟಲಿಯ ಬೆಲೆಯಲ್ಲಿ ಎಷ್ಟು ಪಾಲು ತೆರಿಗೆ ಅಂತ ನಮಗೆ ಗೊತ್ತೇ ಇದೆ. ಅವರಿಗೆ ನಾನು ಬುದ್ಧಿ ಹೇಳಲಿಲ್ಲ. ಇಷ್ಟು ಮಾತ್ರ ಹೇಳಿದೆ: "ಕಾಕಾ, ಕುಡಿದ ಮರುದಿನ ಕಣ್ಣ ಮುಂದೆ ಮಂಜು ಕವಿದ ಹಾಗಾದರೆ, ಹೊಟ್ಟೆ ಹಿಂಡಿದರೆ, ಉಸಿರು ಎಳೆದರೆ ಮಲಗಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಏನು ಕುಡಿದಿರಿ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೇಗ ಹೋದರೆ ಮದ್ದಿದೆ." ಕಾಕಾ ಐಸಿನ ಗೋಣಿ ಕೆಳಗಿಟ್ಟು, "ಇನ್ನೊಮ್ಮೆ ಹೇಳಪ್ಪ, ನಮ್ಮ ಖೋಲ್ಯಾಗ ಎಂಟು ಮಂದಿ ಇದ್ದೀವಿ" ಅಂದರು.