ಬೀಜವಿಲ್ಲದ ಹಣ್ಣು: ಜೀಗುಜ್ಜೆಯಿಂದ ಬಚ್ಚಂಗಾಯಿವರೆಗೆ

ಪಿಯುಸಿ ಜೀವಶಾಸ್ತ್ರದಲ್ಲಿ ಪಾರ್ಥೆನೋಕಾರ್ಪಿಗೆ, ಅಂದರೆ ಗಂಡು ಕಣ, ಅಂಡಾಣು ಕೂಡುವ ನಿಷೇಚನ ಇಲ್ಲದೆಯೇ ಹಣ್ಣಾಗುವುದಕ್ಕೆ, ಸಿಗುವುದು ಬರೀ ಎರಡು ಮೂರು ಸಾಲು. ಬಾಳೆಹಣ್ಣಿನ ಹೆಸರು ಹೇಳಿ ಪುಸ್ತಕ ಮುಂದೆ ಹೋಗಿಬಿಡುತ್ತದೆ. ಹಾಗಾಗಿ ಬೀಜವಿಲ್ಲದ ಹಣ್ಣು ಕಂಡರೆ ಸಾಕು, ಸುಮ್ನೆ ಪಾರ್ಥೆನೋಕಾರ್ಪಿ ಎಂದು ಬರೆದುಬಿಡುವವರೇ ಜಾಸ್ತಿ. ನಿಜವಾಗಿ ಕೇಳಬೇಕಾದ್ದು ಎರಡು ಪ್ರಶ್ನೆ. ಪರಾಗ ಬೇಕಾಯಿತೇ? ನಿಷೇಚನ ಆಯಿತೇ?

ಮಾಮೂಲಿ ದಾರಿ ಗೊತ್ತೇ ಇದೆ. ನಿಷೇಚನ ಆದಮೇಲೆ ಅಂಡಕ ಬೀಜವಾಗುತ್ತದೆ, ಅಂಡಾಶಯ ಹಣ್ಣಾಗುತ್ತದೆ. ಹಣ್ಣು ಬೆಳೆಯಲು ಬೇಕಾದ ಆಕ್ಸಿನ್, ಜಿಬ್ಬರೆಲಿನ್ ಹಾರ್ಮೋನುಗಳು ಎಳೆ ಬೀಜದಿಂದಲೇ ಬರುತ್ತವೆ. 1950ರಲ್ಲಿ ನಿಚ್ ಎಂಬ ವಿಜ್ಞಾನಿ ಸ್ಟ್ರಾಬೆರಿಯ ಮೈಮೇಲಿನ ಕಾಳುಗಳನ್ನು ಕಿತ್ತು ನೋಡಿದರು. ಬೆಳವಣಿಗೆ ನಿಂತಿತು. ಕಿತ್ತ ಮೇಲೆ ಆಕ್ಸಿನ್ ಹಚ್ಚಿದವು ಮಾತ್ರ ಬೆಳೆದವು. ಅಂದರೆ ಅಂಡಾಶಯ ಬ್ರೇಕ್ ಹಾಕಿ ನಿಲ್ಲಿಸಿದ ಗಾಡಿ ಇದ್ದಂತೆ. ಬ್ರೇಕ್ ಬಿಡಿಸುವುದು ಹಾರ್ಮೋನು. ಕೆಲವು ಗಿಡಗಳಲ್ಲಿ ನಿಷೇಚನ ಇಲ್ಲದೆಯೇ ಅದು ಬಿಟ್ಟುಕೊಳ್ಳುತ್ತದೆ. ಅದೇ ಪಾರ್ಥೆನೋಕಾರ್ಪಿ. ಟೊಮೆಟೊ ಹೂವಿಗೆ ಹೊರಗಿನಿಂದ ಆಕ್ಸಿನ್ ಸಿಂಪಡಿಸಿಯೂ ಇದನ್ನು ಮಾಡಿಸಬಹುದು.

ಮಂಗಳೂರು, ಉಡುಪಿ ಕಡೆಯವರಿಗೆ ಇದಕ್ಕೆ ಬಾಳೆಗಿಂತ ಒಳ್ಳೆಯ ಉದಾಹರಣೆ ಜೀಗುಜ್ಜೆ, ಅಂದರೆ ಬ್ರೆಡ್‌ಫ್ರೂಟ್. ಪೋಡಿಗೆ (ಬಜ್ಜಿಗೆ) ಹೆಚ್ಚುವಾಗ ಸರಿಯಾಗಿ ನೋಡಿ. ನಡುವೆ ಮೆತ್ತಗಿನ ದಿಂಡು, ಸುತ್ತ ಕೆನೆಬಣ್ಣದ ತಿರುಳು, ಬೀಜದ ಸುದ್ದಿಯೇ ಇಲ್ಲ. ಪಕ್ಕದಲ್ಲೇ ಬಲಿತ ಗುಜ್ಜೆ (ಹಲಸು) ಕೊಯ್ದರೆ ಬೀಜ ಸಾಲುಸಾಲಾಗಿ ಕಾಣುತ್ತದೆ. ಎರಡೂ ಒಂದೇ ಆರ್ಟೋಕಾರ್ಪಸ್ ಕುಲದವು! ಜೀಗುಜ್ಜೆ ಮರದಲ್ಲಿ ಗಂಡು ಹೂಗೊಂಚಲು ಉದ್ದ, ಹೆಣ್ಣು ಗೊಂಚಲು ಉರುಟು. ಗಂಡು ಗೊಂಚಲು ಒಣಗಿ ಕೆಳಗೆ ಬಿದ್ದರೂ ಅದರಿಂದ ಕಾಯಿಗೆ ಆಗಬೇಕಾದ್ದು ಏನೂ ಇಲ್ಲ.

ಬೀಜ ಇಲ್ಲದಿದ್ದರೆ ಹೊಸ ಮರ ಹೇಗೆ? ಬೇರಿನಿಂದ ಬರುವ ಚಿಗುರನ್ನು ಕಿತ್ತು ನೆಡುತ್ತಾರೆ. 1789ರಲ್ಲಿ ಬ್ರಿಟಿಷ್ ಹಡಗು ಬೌಂಟಿ ತಾಹಿತಿಯಿಂದ ಈ ಮರವನ್ನು ವೆಸ್ಟ್ ಇಂಡೀಸಿಗೆ ಒಯ್ಯಲು ಹೊರಟಾಗ ಬೀಜದ ಚೀಲ ಕಟ್ಟಿಕೊಳ್ಳುವಂತಿರಲಿಲ್ಲ. ಸಾವಿರಕ್ಕೂ ಹೆಚ್ಚು ಜೀವಂತ ಸಸಿಗಳನ್ನು ಕುಂಡದಲ್ಲಿಟ್ಟು ಸಾಗಿಸಬೇಕಾಯಿತು. ದಾರಿಯಲ್ಲಿ ನಾವಿಕರು ದಂಗೆ ಎದ್ದು ಸಸಿಗಳನ್ನು ಸಮುದ್ರಕ್ಕೆ ಎಸೆದರು. ಕ್ಯಾಪ್ಟನ್ ಬ್ಲೈ ಎರಡನೇ ಸಲ ಹೋಗಿ 1793ರಲ್ಲಿ ಕೆಲಸ ಮುಗಿಸಿದರು.

ಈಗ ಬಾಳೆ. ನೇಂದ್ರವನ್ನು ಉದ್ದಕ್ಕೆ ಸೀಳಿ. ನಡುವಿನ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಕಾಡುಬಾಳೆಯಲ್ಲಾದರೆ ಅಲ್ಲಿ ಹಲ್ಲಿಗೆ ಸಿಕ್ಕುವ ಗಟ್ಟಿ ಬೀಜ. ಪೂಂಬೆ (ಗೊನೆಯ ತುದಿಯ ಬಾಳೆಹೂವು) ಕತ್ತರಿಸಿ ಪಲ್ಯ ಮಾಡಿದರೂ ಗೊನೆ ಬಲಿಯುತ್ತದೆ, ಹಾಗಾಗಿ ಪರಾಗ ಬೇಡ ಎಂದು ಕೆಲವರು ವಾದಿಸುತ್ತಾರೆ. ಪರಾಗ ಬೇಡ ಎಂಬುದು ನಿಜವೇ, ಆದರೆ ಈ ವಾದ ನಿಲ್ಲುವುದಿಲ್ಲ. ಪೂಂಬೆ ಕತ್ತರಿಸುವ ಹೊತ್ತಿಗೆ ಮೇಲಿನ ಹೆಣ್ಣು ಹೂಗಳ ಸರದಿ ಮುಗಿದಿರುತ್ತದೆ. ಹೂ ಅರಳುವ ಮೊದಲೇ ಚೀಲ ಕಟ್ಟಿದರೆ ಮಾತ್ರ ಅದು ಪ್ರಯೋಗ.

ನೇಂದ್ರ, ಕ್ಯಾವೆಂಡಿಷ್ ಎರಡೂ ತ್ರಿಗುಣಿತ, 33 ಕ್ರೋಮೋಸೋಮು. ಅಂದರೆ 11ರಂತೆ ಮೂರು ಗುಂಪು. ಈ ಮೂರು ಗುಂಪು ಸಮನಾಗಿ ಹಂಚಿಕೆಯಾಗದೆ ಅಂಡಾಣು ಕೆಡುತ್ತದೆ. ಆದರೆ ಇದು ಬೀಜ ಯಾಕಿಲ್ಲ ಎಂಬುದಕ್ಕಷ್ಟೇ ಉತ್ತರ. ಹಣ್ಣು ಯಾಕೆ ಬೆಳೆಯಿತು ಎಂಬುದು ಬೇರೆ ವಿಷಯ. ಬೀಜಹೀನತೆ ಮಾತ್ರ ಇದ್ದರೆ ಹೂ ಉದುರಿಹೋಗುತ್ತಿತ್ತು ಅಲ್ವಾ? ಏಲಕ್ಕಿ ಬಾಳೆ ದ್ವಿಗುಣಿತ (ಎರಡೇ ಗುಂಪು), ಆದರೂ ಬೀಜವಿಲ್ಲ.

ಬೀಜವಿಲ್ಲದ ಬಚ್ಚಂಗಾಯಿಯೂ (ಕಲ್ಲಂಗಡಿ) 33 ಕ್ರೋಮೋಸೋಮಿನದೇ, ಆದರೆ ಅದಕ್ಕೆ ಪರಾಗ ಬೇಕೇ ಬೇಕು. ಅದಕ್ಕೇ ಗದ್ದೆಯಲ್ಲಿ ಮಾಮೂಲಿ ಬಚ್ಚಂಗಾಯಿ ಬಳ್ಳಿಯನ್ನೂ ನೆಡುತ್ತಾರೆ. ಪರಾಗ ಬಂದು ಬ್ರೇಕ್ ಬಿಡಿಸುತ್ತದೆ, ಬೀಜ ಮಾತ್ರ ಆಗುವುದಿಲ್ಲ. ಥಾಂಪ್ಸನ್ ದ್ರಾಕ್ಷಿಯ ಕತೆಯೇ ಬೇರೆ. ಅಲ್ಲಿ ನಿಷೇಚನವೂ ಆಗುತ್ತದೆ, ಆಮೇಲೆ ಎಳೆ ಬೀಜ ಮುರುಟಿಹೋಗುತ್ತದೆ. ಇದಕ್ಕೆ ಸ್ಟೆನೋಸ್ಪರ್ಮೋಕಾರ್ಪಿ ಎನ್ನಬೇಕು. ಇದನ್ನು ಪಾರ್ಥೆನೋಕಾರ್ಪಿ ಎಂದು ಬರೆದರೆ ಅಂಕ ಹೋದಂತೆಯೇ.

ಕೊನೆಗೆ ಅನಾನಸು. ಅದು ತನ್ನದೇ ತಳಿಯ ಪರಾಗವನ್ನು ಒಪ್ಪುವುದಿಲ್ಲ. ತೋಟದಲ್ಲಿ ಒಂದೇ ತಳಿ ಇದ್ದರೆ ಹಣ್ಣಲ್ಲಿ ಬೀಜವಿಲ್ಲ. ಬೇರೆ ತಳಿಯ ಪರಾಗ ತಗುಲಿದರೆ ಸಿಪ್ಪೆಯ ಹತ್ತಿರ ಕಂದು ಬಣ್ಣದ ಸಣ್ಣ ಬೀಜ ಸಿಗುತ್ತದೆ. ಹೂವಿಂದ ಹೂವಿಗೆ ಪರಾಗ ಸಾಗಿಸುತ್ತದೆ ಎಂದೇ ಹವಾಯಿಯಲ್ಲಿ ಹಮ್ಮಿಂಗ್‌ಬರ್ಡ್ ತರುವುದಕ್ಕೆ ನಿಷೇಧವಿದೆ.