ಹೊಗೆ ಕಂಡ ಕಡೆ ಆಲೆಮನೆ: ದೂರದ ಗೆಲಾಕ್ಸಿಗಳನ್ನು ಎಣಿಸಿದ ಕಥೆ

ಮೈಸೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಲೆಕ್ಕ ಗೊತ್ತಿರುತ್ತದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಕಬ್ಬಿನ ಗದ್ದೆಯ ಆಚೆ ದಟ್ಟ ಹೊಗೆ ಎದ್ದಿದ್ದರೆ ಅಲ್ಲಿ ಆಲೆಮನೆ ನಡೆಯುತ್ತಿದೆ. ಹೊಗೆ ಇಲ್ಲದಿದ್ದರೆ? ಒಲೆ ಆರಿರಬಹುದು, ಇಲ್ಲವೇ ಅಲ್ಲಿ ಆಲೆಮನೆಯೇ ಇಲ್ಲದಿರಬಹುದು. ಬಸ್ಸಿನ ಕಿಟಕಿಯಿಂದ ಎರಡೂ ಒಂದೇ.

ದೂರದ ಗೆಲಾಕ್ಸಿಗಳನ್ನು ಎಣಿಸುವವರ ಪಾಡೂ ಹೆಚ್ಚುಕಡಿಮೆ ಹೀಗೆಯೇ. ಅವರು ಹುಡುಕುವ ಹೊಗೆಯ ಹೆಸರು ಎಮಿಷನ್ ಲೈನ್, ಅಂದರೆ ಹೊಳೆಯುವ ಗೆರೆ.

ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲಿದರೆ ನೀಲಿ ಉರಿ ಥಟ್ಟನೆ ಹಳದಿ ಆಗುತ್ತದೆ, ಅಲ್ವಾ? ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಹಾಗೆಯೇ ಪ್ರತಿ ಧಾತುವಿಗೂ ತನ್ನದೇ ಬಣ್ಣಗಳಿವೆ. ಬೆಳಕನ್ನು ಬಿಡಿಸಿ ನೋಡಿದರೆ ಅವು ಗೆರೆಗಳಾಗಿ ಕಾಣುತ್ತವೆ. ಗೆಲಾಕ್ಸಿಯಲ್ಲಿ ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳ ಅತಿನೇರಳೆ ಬೆಳಕು ಸುತ್ತಲಿನ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತದೆ. ಅವು ಮತ್ತೆ ಬಂದು ಸೇರಿಕೊಳ್ಳುವಾಗ 656.3 ನ್ಯಾನೋಮೀಟರ್ ತರಂಗಾಂತರದ ಕೆಂಪು ಗೆರೆ ಹೊಳೆಯುತ್ತದೆ. ಇಂಥ ದೊಡ್ಡ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷ ಬದುಕುತ್ತವೆ. ಹಾಗಾಗಿ ಗೆರೆ ಜೋರಾಗಿದ್ದರೆ ಅಲ್ಲಿ ಒಲೆ ಈಗ ಉರಿಯುತ್ತಿದೆ ಎಂದೇ ಅರ್ಥ. (ಕೆಲವು ಕಡೆ ನಡುವಿನ ಕಪ್ಪುಕುಳಿಯೂ ಗೆರೆ ಹೊಳೆಯಿಸುತ್ತದೆ. ಅದನ್ನು ಬೇರೆ ಮಾಡುವುದೇ ಒಂದು ತಲೆನೋವು.)

ಇಂಥ ಗೆರೆಯನ್ನು ಆಕಾಶದ ಮೋಡದಂಥ ನೆಬ್ಯುಲಾದಲ್ಲಿ ಮೊದಲು ಕಂಡವರು ವಿಲಿಯಂ ಹಗಿನ್ಸ್. ಬಟ್ಟೆ ವ್ಯಾಪಾರದ ಮನೆತನದವರು, ಅಂಗಡಿ ಮಾರಿ ದೂರದರ್ಶಕ ಹಿಡಿದವರು. 1864ರ ಆಗಸ್ಟ್‌ನಲ್ಲಿ ಲಂಡನ್ನಿನ ತಮ್ಮ ಮನೆಯಿಂದ ನೋಡಿದಾಗ ಕಾಮನಬಿಲ್ಲಿನಂಥ ಪಟ್ಟಿ ಸಿಗಲಿಲ್ಲ, ಒಂದು ಹಸಿರು ಗೆರೆ ಎದ್ದು ಕಂಡಿತು. ಗೊತ್ತಿದ್ದ ಯಾವ ಧಾತುವಿಗೂ ಅದು ತಾಳೆಯಾಗಲಿಲ್ಲ. ಹೊಸ ಧಾತುವೇ ಇರಬೇಕೆಂದು 'ನೆಬ್ಯುಲಿಯಂ' ಎಂದು ಹೆಸರೂ ಬಿತ್ತು. 1927ರಲ್ಲಿ ಅಮೆರಿಕದ ವಿಜ್ಞಾನಿ ಐರಾ ಬೋವೆನ್ ಗುಟ್ಟು ಬಿಡಿಸಿದರು. ಅದು ನಾವು ಉಸಿರಾಡುವ ಆಕ್ಸಿಜನ್ನೇ! ಎರಡು ಎಲೆಕ್ಟ್ರಾನ್ ಕಳೆದುಕೊಂಡು, ನಮ್ಮ ಪ್ರಯೋಗಾಲಯದ ನಿರ್ವಾತಕ್ಕಿಂತ ತೆಳುವಾದ ಜಾಗದಲ್ಲಿ ಇದ್ದದ್ದರಿಂದ ಗುರುತು ಸಿಕ್ಕಿರಲಿಲ್ಲ.

1967ರಲ್ಲಿ ಪಾರ್ಟ್ರಿಜ್ ಮತ್ತು ಪೀಬಲ್ಸ್ ಎಂಬ ವಿಜ್ಞಾನಿಗಳು ಒಂದು ಆಸೆ ಹುಟ್ಟಿಸಿದರು. ಎಳೆಯ ಗೆಲಾಕ್ಸಿಗಳು ಲೈಮನ್ ಆಲ್ಫಾ ಎಂಬ, ಹೈಡ್ರೋಜನ್‌ನ ಅತಿನೇರಳೆ ಗೆರೆಯಲ್ಲಿ ಜೋರಾಗಿ ಹೊಳೆಯಬೇಕು, ಹುಡುಕಿದರೆ ಸಿಗುತ್ತವೆ ಎಂದರು. ಹುಡುಕಿದರು. ವರ್ಷಗಟ್ಟಲೆ ಬರಿಗೈ. ಗೆಲಾಕ್ಸಿಗಳು ಅಂದುಕೊಂಡಷ್ಟು ಪ್ರಕಾಶವಾಗಿರಲಿಲ್ಲ. ಸಾಲದ್ದಕ್ಕೆ ಆ ಬೆಳಕು ಹೈಡ್ರೋಜನ್‌ನಲ್ಲೇ ಅಲೆದಾಡಿ ದೂಳಿಗೆ ಸಿಕ್ಕಿ ಸಾಯುತ್ತದೆ. ಹವಾಯಿಯ 10 ಮೀಟರಿನ ಕೆಕ್ ದೂರದರ್ಶಕ ಬಂದು, 1990ರ ದಶಕದ ಕೊನೆಯ ಹೊತ್ತಿಗೆ ಅಂಥವು ಒಂದೊಂದಾಗಿ ಸಿಗತೊಡಗಿದವು. ಮೂವತ್ತು ವರ್ಷ ಸುಮ್ನೆ ಹೋಗಲಿಲ್ಲ ಅನ್ನಿ, ಎಲ್ಲಿ ನೋಡಬಾರದು ಅಂತ ಗೊತ್ತಾಗಿತ್ತು.

ಗೆರೆ ಹುಡುಕುವ ಉಪಾಯ ಸರಳ. ಒಂದೇ ಆಕಾಶದ ಎರಡು ಫೋಟೋ ತೆಗೆಯಿರಿ. ಒಂದು ಅಗಲವಾದ ಫಿಲ್ಟರಿನಲ್ಲಿ, ಇನ್ನೊಂದು ಒಂದೇ ಗೆರೆ ತೂರುವಷ್ಟು ಕಿರಿದಾದ ಫಿಲ್ಟರಿನಲ್ಲಿ. ಎರಡನೆಯದರಲ್ಲಿ ಯಾವುದು ಮಿಕ್ಕವಕ್ಕಿಂತ ಜಾಸ್ತಿ ಹೊಳೆಯುತ್ತದೋ ಅದರಲ್ಲಿ ಗೆರೆ ಇದೆ. ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ದೂರದ ಬೆಳಕು ಎಳೆದುಕೊಂಡು ಕೆಂಪಿನ ಕಡೆ ಸರಿದಿರುತ್ತದೆ. ಅಂದರೆ ಫಿಲ್ಟರ್ ಆರಿಸಿದರೆ ಕಾಲವನ್ನೂ ಆರಿಸಿದಂತೆ. ಅದೇ 656.3ರ ಗೆರೆ 2,120 ನ್ಯಾನೋಮೀಟರ್ ಹತ್ತಿರ ಸಿಕ್ಕರೆ ಅದು ಸುಮಾರು 1,080 ಕೋಟಿ ವರ್ಷದ ಹಿಂದಿನ ಬೆಳಕು. ಹವಾಯಿಯ ಮೌನಾ ಕೇಯಾ ಬೆಟ್ಟದ ಬ್ರಿಟಿಷ್ ಇನ್‌ಫ್ರಾರೆಡ್ ದೂರದರ್ಶಕದಲ್ಲಿ ನಡೆದ ಹೈಝೆಲ್ಸ್ ಸರ್ವೆ ಹೀಗೆ ನಾಲ್ಕು ಕಾಲಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಿತು. ಮೊದಲು ಒಂದೊಂದು ಕಾಲಕ್ಕೆ ಒಂದೊಂದು ವಿಧಾನ ಇಟ್ಟುಕೊಂಡು ಹೋಲಿಸುತ್ತಿದ್ದರು, ಸೇರು ಮತ್ತು ಲೀಟರನ್ನು ಕೂಡಿಸಿದ ಹಾಗೆ.

ಸಿಕ್ಕಿದ್ದೇನು? ಸುಮಾರು 1,000 ಕೋಟಿ ವರ್ಷದ ಹಿಂದೆ ನಕ್ಷತ್ರ ಹುಟ್ಟುವ ಕೆಲಸ ಉತ್ತುಂಗದಲ್ಲಿತ್ತು. ಅಲ್ಲಿಂದ ಈಚೆಗೆ ಇಳಿಯುತ್ತಲೇ ಬಂದು ಈಗ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿದೆ. ಗೆಲಾಕ್ಸಿಗಳ ನಡುವಿನ ಡಿಕ್ಕಿ, ಗಲಾಟೆ ಕಡಿಮೆಯಾದದ್ದಕ್ಕಿಂತ ತಂಪು ಅನಿಲ ಕಡಿಮೆಯಾದದ್ದೇ ದೊಡ್ಡ ಕಾರಣ ಅನ್ನಿಸುತ್ತದೆ. ಆ ಕಾಲದ ದೊಡ್ಡ ಗೆಲಾಕ್ಸಿಗಳ ತೂಕದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಅನಿಲವೇ ಇತ್ತು. ಕಬ್ಬು ತೀರಿದರೆ ಆಲೆಮನೆ ನಿಲ್ಲಲೇಬೇಕಲ್ಲ.

ಹಗಿನ್ಸ್‌ರ ಆ ಆಕ್ಸಿಜನ್ ಗೆರೆ 2007ರಲ್ಲಿ ಇನ್ನೊಂದು ತಮಾಷೆ ಮಾಡಿತು. ಗೆಲಾಕ್ಸಿ ಝೂ ಎಂಬ ಯೋಜನೆಯಲ್ಲಿ ಬಿಡುವಿನ ಹೊತ್ತು ಕೊಟ್ಟ ಸಾಮಾನ್ಯ ಜನ ಪುಟ್ಟ ಹಸಿರು ಚುಕ್ಕೆಗಳನ್ನು ಗುರುತಿಸಿ 'ಬಟಾಣಿ' ಎಂದು ಕರೆದರು. ನಿಜಕ್ಕೂ ಅವು ಹಸಿರಲ್ಲ. ಗೆರೆ ಕೆಂಪಿಗೆ ಸರಿದಿತ್ತು, ಚಿತ್ರ ಜೋಡಿಸುವಾಗ ಆ ಫಿಲ್ಟರಿಗೆ ಕೊಟ್ಟ ಬಣ್ಣ ಹಸಿರು. ಆದರೆ ಒಳಗೆ ನಕ್ಷತ್ರಗಳು ಹುಟ್ಟುವ ರಭಸ ಮಾತ್ರ ನಿಜ.

ಈಗ ಅಮೆರಿಕದ ಅರಿಜೋನಾದ ಡೆಸಿ ಉಪಕರಣ ಬೆಳಕು ಸಾಗಿಸುವ 5,000 ಫೈಬರ್‌ಗಳಿಂದ ಒಟ್ಟಿಗೇ ಗೆರೆ ಓದುತ್ತದೆ. 2023ರಲ್ಲಿ ಹಾರಿದ ಯೂಕ್ಲಿಡ್ ದೂರದರ್ಶಕ ಬಾಹ್ಯಾಕಾಶದಿಂದ ಇದೇ ಕೆಲಸ ಮಾಡುತ್ತಿದೆ. ಎಣಿಕೆ ಎಷ್ಟೇ ಹೆಚ್ಚಿದರೂ ಹೊಗೆಯ ತೊಂದರೆ ಹೋಗಿಲ್ಲ. ಒಲೆ ಆರಿದ ಗೆಲಾಕ್ಸಿ ಈ ಪಟ್ಟಿಗೆ ಬರುವುದೇ ಇಲ್ಲ. ಒಲೆ ಜೋರಾಗಿ ಉರಿಯುತ್ತಿದ್ದರೂ ದೂಳಿನಲ್ಲಿ ಮುಚ್ಚಿಹೋದವೂ ತಪ್ಪಿಸಿಕೊಳ್ಳುತ್ತವೆ. ಅವು 1997ರ ನಂತರ ಕಾಣತೊಡಗಿದವು. ಅದೇ ಮೌನಾ ಕೇಯಾದ ಮೇಲೆ ಸ್ಕೂಬಾ ಎಂಬ ಕ್ಯಾಮೆರಾ, ಗೆರೆಯ ಗೊಡವೆ ಬಿಟ್ಟು, ಬೆಚ್ಚಗಾದ ದೂಳಿನ ಬಿಸಿಯನ್ನೇ ಹಿಡಿದಿತ್ತು.