ಒಂದು ಗುಂಡು ಸಾಕು: ಹೊಟ್ಟೆ ಆಪರೇಷನ್ ನಂತರದ ಉಸಿರಾಟದ ಟಿಪ್ಪಣಿ

ವಿಜಯಪುರದಲ್ಲಿ ಸರ್ಜರಿ ವಾರ್ಡಿಗೆ ಪೋಸ್ಟಿಂಗ್ ಹೋಗುವ ಫಿಸಿಯೋಥೆರಪಿ ಗೆಳೆಯರಿಗಾಗಿ ಬರೆದದ್ದು.

ಹೊಟ್ಟೆ ಆಪರೇಷನ್ ಆದವರಿಗೆ ಉಸಿರಾಟದ ವ್ಯಾಯಾಮ ಯಾಕೆ ಬೇಕು ಎಂಬುದು ಗೊತ್ತೇ ಇದೆ. ಹೊಲಿಗೆ ನೋಯುತ್ತದೆ, ಡಯಾಫ್ರಾಮ್ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮಂಕಾಗಿರುತ್ತದೆ, ರೋಗಿ ಸಣ್ಣ ಸಣ್ಣ ಉಸಿರಾಡುತ್ತಾರೆ. ಶ್ವಾಸಕೋಶದ ತಳದ ಗಾಳಿಚೀಲಗಳು ಮುಚ್ಚಿಕೊಂಡು ಕಫ ನಿಲ್ಲುತ್ತದೆ.

ಮೂರು ಗುಂಡಿನ ಸ್ಪೈರೋಮೀಟರ್

ಪೈಪಿನಿಂದ ಉಸಿರು ಎಳೆದು ಒಳಗಿನ ಗುಂಡುಗಳನ್ನು ಮೇಲೇರಿಸುವ ವ್ಯಾಯಾಮದ ಸಾಧನ ಇದು. ಗೊಂದಲ ಇರುವುದು ಇಲ್ಲೇ. ಅದರ ಮೇಲೆ 600, 900, 1200 ಎಂದು ಬರೆದಿರುತ್ತದೆ. ಒಳಗೆ ಹೋದ ಗಾಳಿ ಇಷ್ಟು ಎಂದು ಓದಬಾರದು. ಅದು ವೇಗ, ಸೆಕೆಂಡಿಗೆ ಇಷ್ಟು ಸಿಸಿ ಅಂತ: ಒಂದು ಗುಂಡು ಏರಿದರೆ 600, ಎರಡು ಏರಿದರೆ 900, ಮೂರೂ ಏರಿದರೆ 1200.

ಲೆಕ್ಕ ಹಾಕಿ ನೋಡಿ. ರೋಗಿ ಜೋರಾಗಿ ಎಳೆದು ಮೂರೂ ಗುಂಡು ಏರಿಸಿದರು, ಅರ್ಧ ಸೆಕೆಂಡಿಗೆ ಬಿದ್ದವು. 1200ರ ಅರ್ಧ, ಅಂದರೆ ಸುಮಾರು 600 ಸಿಸಿ. ಪಕ್ಕದ ಮಂಚದವರು ಒಂದೇ ಗುಂಡು ಏರಿಸಿ ಮೂರು ಸೆಕೆಂಡ್ ಹಿಡಿದರು. 600 ಗುಣಿಲೆ 3, ಸುಮಾರು 1800 ಸಿಸಿ. ಮೂರು ಪಟ್ಟು ಜಾಸ್ತಿ ಗಾಳಿ! ಅದೂ ನಿಧಾನಕ್ಕೆ ಎಳೆದಾಗ ಗಾಳಿ ತಳದ ತನಕ ಚೆನ್ನಾಗಿ ಹೋಗುತ್ತದೆ. ಜೋರಾಗಿ ಎಳೆದರೆ ಕುತ್ತಿಗೆ, ಮೇಲೆದೆಯ ಸ್ನಾಯುಗಳಿಗೇ ಕೆಲಸ.

ಆದ್ದರಿಂದ ‘ಮೂರೂ ಏರಿಸೀನ್ರಿ’ ಎಂದು ಅಜ್ಜ ಖುಷಿಯಿಂದ ಹೇಳಿದಾಗ ಸುಮ್ನೆ ತಲೆಯಾಡಿಸಬೇಡಿ. ‘ಅಜ್ಜಾರ, ಒಂದ ಗುಂಡು ಸಾಕ್ರಿ, ಮ್ಯಾಲೆ ಹಿಡಕೊಂಡ ಇರ್ರಿ’ ಎನ್ನಿ. ಪೈಪಿಗೆ ಊದುವವರೂ ಇರುತ್ತಾರೆ. ‘ಊದಬ್ಯಾಡ್ರಿ, ಸ್ಟ್ರಾದಾಗ ಎಳನೀರು ಕುಡದಂಗ ಎಳಕೋರಿ’ ಎಂದರೆ ತಕ್ಷಣ ತಿಳಿಯುತ್ತದೆ.

ಎಚ್ಚರವಿರುವಾಗ ಗಂಟೆಗೆ ಸುಮಾರು ಹತ್ತು ಉಸಿರು, ನಡುನಡುವೆ ವಿಶ್ರಾಂತಿ. ತಲೆ ಸುತ್ತಿದರೆ ನಿಲ್ಲಿಸಬೇಕು. ಮಲಗಿಸಿ ಮಾಡಿಸಬೇಡಿ. ಕೂತಾಗ ಡಯಾಫ್ರಾಮಿಗೆ ಇಳಿಯಲು ಜಾಗ ಸಿಗುತ್ತದೆ. ನೋವಿನ ಔಷಧಿ ಹಿಡಿದ ಮೇಲೆ ಹೋದರೆ ಇಬ್ಬರಿಗೂ ಸುಲಭ.

ಕೆಮ್ಮು

‘ಹೊಲಿಗಿ ಬಿಚ್ಚತೈತ್ರಿ’ ಎಂಬ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ನೋವು ನಿಜ. ದಿಂಬು ಇಲ್ಲವೇ ಮಡಚಿದ ಕೌದಿಯನ್ನು ಗಾಯದ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿಯಲಿ. ಮೊದಲು ಬಾಯಿ ತೆರೆದು ‘ಹಾ’ ಎಂದು ಉಸಿರು ಹೊರದೂಡುವ ಹಫಿಂಗ್, ಕಫ ಮೇಲೆ ಬಂದ ಮೇಲೆ ಕೆಮ್ಮು.

ಬೆನ್ನು ತಟ್ಟಿ ಎಂದು ಮನೆಯವರು ಕೇಳುತ್ತಾರೆ. ಎಲ್ಲರಿಗೂ ಅದು ಬೇಕಿಲ್ಲ. ಸರ್ಜನ್ ಒಪ್ಪಿದ ಕೂಡಲೇ ಎಬ್ಬಿಸಿ ನಡೆಸುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಜ್ವರ, ಏದುಸಿರು ಅಥವಾ ಹಸಿರು ಕಫ ಕಂಡರೆ ವ್ಯಾಯಾಮ ಅಲ್ಲಿಗೇ ಬಿಟ್ಟು ಡಾಕ್ಟರಿಗೆ ತಿಳಿಸಿ.